ಹಿತ್ತಲ ಗುಂಡಿಗೆ ಬರುವವರು

ಮೀನು ತಿನ್ನುವುದು ಸುಲಭ, ತಿಂದದ್ದನ್ನು ಅರಗಿಸಿಕೊಳ್ಳುವುದೂ ಸುಲಭ. ತಿನ್ನದೆ ಉಳಿದದ್ದನ್ನು ಏನು ಮಾಡುವುದು ಎಂಬುದೇ ಕಷ್ಟ. ತರಕಾರಿ ತಿನ್ನುವವರಿಗೆ ಇದು ತಿಳಿಯುವುದಿಲ್ಲ. ಬದನೆಕಾಯಿಯ ತೊಟ್ಟನ್ನು ಎಲ್ಲಿ ಎಸೆದರೂ ಅದು ಮರ್ಯಾದೆಯಿಂದ ಬಿದ್ದಿರುತ್ತದೆ. ಮೀನಿನ ತಲೆ ಹಾಗಲ್ಲ, ಎಸೆದವರು ಯಾರೆಂದು ಓಣಿಗೆಲ್ಲ ಹೇಳಿಕೊಂಡು ಬರುತ್ತದೆ.

ಮಿಸ್ಡ್ ಕಾಲ್ ಕೊಟ್ಟೇ ಅರ್ಧ ಮಾತು ಮುಗಿಸುತ್ತಿದ್ದ ಕಾಲ. ನಾನು ಸದಲಗಾದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಹೆಂಡತಿ ಸುಶೀಲಾ ಬೇಡಕಿಹಾಳದವಳು, ದೂಧಗಂಗಾ ಹೊಳೆಯ ಮೀನು ಸಿಕ್ಕರೆ ಅವಳಿಗೆ ತವರು ನೆನಪಾಗುವುದಿಲ್ಲ. ಅದಕ್ಕೇ ನಾನು ಪ್ರತಿ ಭಾನುವಾರ ತಪ್ಪದೆ ಮೀನು ತರುತ್ತಿದ್ದೆ, ಇಲ್ಲವಾದರೆ ಮಟನ್. ಕಸದ ಗಾಡಿ ಆಗಿನ್ನೂ ನಮ್ಮ ಓಣಿಗೆ ಬರುತ್ತಿರಲಿಲ್ಲ. ಹೀಗಾಗಿ ಕರುಳು, ಕಿವಿರು, ಎಲುಬುಗಳನ್ನೆಲ್ಲ ಹಿತ್ತಲಲ್ಲೇ ಗೊಬ್ಬರ ಮಾಡುತ್ತೇನೆಂದು ಒಂದು ದಿನ ಘೋಷಿಸಿದೆ. ಜೀವಿಗಳು ಕೊಳೆತು ಮಣ್ಣಾಗುವ ಪಾಠವನ್ನು ಒಂಬತ್ತನೇ ಇಯತ್ತೆಗೆ ವರ್ಷವರ್ಷವೂ ಹೇಳುವವನಿಗೆ ಅಷ್ಟು ಧೈರ್ಯ ಇರಲೇಬೇಕಲ್ಲ.

ಮೊಣಕಾಲುದ್ದ ಗುಂಡಿ ತೋಡಿ, ಎಲ್ಲವನ್ನೂ ಸುರಿದು, ಮೇಲೆ ಮಣ್ಣೆಳೆದು ಕೈ ತೊಳೆದುಕೊಂಡೆ. ಪಾಠದ ಪ್ರಕಾರ ಅಲ್ಲಿಗೆ ಬ್ಯಾಕ್ಟೀರಿಯಾ ಬರಬೇಕಿತ್ತು. ಮೊದಲು ಬಂದದ್ದು ಬೆಕ್ಕು. ಆಮೇಲೆ ಹೆಗ್ಗಣಗಳು ಸಂಸಾರ ಸಮೇತ ಬಂದವು. ಕೊನೆಗೆ ಓಣಿಯ ಕೆಂಪು ನಾಯಿ ಬಂದು, ನಾನು ಬೆವರು ಸುರಿಸಿ ಮುಚ್ಚಿದ್ದನ್ನು ಕ್ಷಣದಲ್ಲಿ ತೆರೆದು, ಒಂದು ದೊಡ್ಡ ಮೀನಿನ ತಲೆಯನ್ನು ಆರಿಸಿಕೊಂಡು ಪಕ್ಕದ ಮನೆಯ ಅಂಗಳಕ್ಕೆ ಹೋಯಿತು.

ಪಕ್ಕದ ಮನೆ ಪದ್ಮಾ ಕಾಕುವಿನದು. ಅವರು ಶೇಡಬಾಳದ ಜೈನರ ಮನೆತನದವರು. ಕತ್ತಲಾದ ಮೇಲೆ ಒಂದು ಹನಿ ನೀರೂ ಮುಟ್ಟದ ಕಟ್ಟುನಿಟ್ಟು, ಆದರೆ ಮಾತು ಮಾತ್ರ ಬೆಣ್ಣೆ. ಮನೆಯಲ್ಲಿ ಎಮ್ಮೆ ಇತ್ತು. ದಿನ ಬೆಳಗಾದರೆ ಗೋಡೆಯ ಮೇಲಿಂದ ನಮಗೊಂದು ತಂಬಿಗೆ ಮಜ್ಜಿಗೆ ಬರುತ್ತಿತ್ತು. ನಾಯಿ ಹೋದ ದಿನ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬಾಗಿಲಲ್ಲಿ ದೊಡ್ಡ ರಂಗೋಲಿ. ಅದರ ನಟ್ಟನಡುವೆ ಮೀನಿನ ತಲೆಯನ್ನಿಟ್ಟು, ನನ್ನ ಕೂಗಿಗೆ ಬೆದರಿ ನಾಯಿ ಓಡಿಹೋಯಿತು. ಓಣಿಯ ತಿರುವಿನಲ್ಲಿ ಜೀಪು ಕಂಡಿತು.

ನನಗೆ ಬೇರೇನೂ ತೋಚಲಿಲ್ಲ. ಓಡಿಹೋಗಿ ಅದನ್ನೆತ್ತಿ ಪ್ಯಾಂಟಿನ ಕಿಸೆಗೆ ಹಾಕಿಕೊಂಡೆ. ಅಷ್ಟರಲ್ಲಿ ಜೀಪು ನಿಂತು, ಗಂಡಿನ ತಂದೆ ಇಳಿದು ನನ್ನ ಎರಡೂ ಕೈ ಹಿಡಿದುಕೊಂಡರು. ನೆರೆಮನೆಯ ಮಾಸ್ತರು ಎಂದು ಗೊತ್ತಾದ ಮೇಲಂತೂ ಬಿಡಲೇ ಇಲ್ಲ, ಒಳಗೆ ಕರೆದೊಯ್ದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಹುಡುಗಿಯ ಗುಣದ ಬಗ್ಗೆ ಕೇಳಿದರು. ನಾನು ಉಸಿರು ಬಿಗಿಹಿಡಿದು ಹೊಗಳಿದೆ. ಅವಲಕ್ಕಿ ಬಂತು. ಅವರು ಒಂದೆರಡು ಸಲ ಮೂಗರಳಿಸಿ, ಬಹಳ ಸೌಜನ್ಯದಿಂದ ಕೇಳಿದರು.

"ನಿಮ್ಮ ಓಣಿಗೆ ಹೊಳಿ ಭಾಳ ಹತ್ತಿರ ಐತೇನ್ರಿ?"

ಹೊಳೆ ಊರಾಚೆ ಇತ್ತು. ಕಾಕು ನನ್ನನ್ನು, ನನ್ನ ಕಿಸೆಯನ್ನು ಒಮ್ಮೆ ನೋಡಿ, "ಇವತ್ತ ಸ್ವಲ್ಪ ಹತ್ತಿರ ಬಂದೈತ್ರಿ" ಎಂದರು.

ಅತಿಥಿಗಳು ಹೋದ ಮೇಲೆ ಕಾಕು ಗೋಡೆಯ ಹತ್ತಿರ ಬಂದರು. ಬೈಯಲಿಲ್ಲ. "ಮಾಸ್ತರ್, ನೀವು ಏನ್ ತಿಂತೀರಿ ಅಂತ ನಾ ಎಂದೂ ಕೇಳಿಲ್ಲ. ಆದರ ಅದು ನನ್ನ ಹೊಸ್ತಿಲಿಗೆ ಬರಬಾರದ್ರಿ" ಎಂದಷ್ಟೇ ಹೇಳಿ ಒಳಗೆ ಹೋದರು. ಮರುದಿನ ಗೋಡೆಯ ಮೇಲೆ ತಂಬಿಗೆ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೀನು ಬಿಟ್ಟುಬಿಡೋಣವೆಂದು ಸುಶೀಲಾಗೆ ಹೇಳಿದೆ. ಗುಂಡಿ ತೋಡಲು ಬಾರದಿದ್ದರೆ ಮೀನೇನು ಮಾಡೀತು ಎಂದು ಅವಳು ಕೇಳಿದಳು.

ಪುಸ್ತಕ ಬದಿಗಿಟ್ಟು ತಲೆ ಓಡಿಸಿದೆ. ಬಿಗಿ ಮುಚ್ಚಳದ ಒಂದು ಡಬ್ಬಿ ತಂದೆ. ಮೀನಿನದು, ಮಟನ್ನಿನದು ಏನೇ ಉಳಿದರೂ ಸಣ್ಣಗೆ ಕತ್ತರಿಸಿ, ಬೆಲ್ಲ ಮತ್ತು ಮಜ್ಜಿಗೆಯಲ್ಲಿ ಕಲಸಿದ ಗೋಧಿ ತೌಡಿನ ಜೊತೆ ಪದರ ಪದರವಾಗಿ ಅದುಮಿ ಮುಚ್ಚಿಡುವುದು. ಮಜ್ಜಿಗೆಯನ್ನು ಈಗ ಅಂಗಡಿಯಿಂದ ತರಬೇಕಾಗಿತ್ತು, ಅದನ್ನು ಸುರಿಯುವಾಗಲೆಲ್ಲ ಎದೆ ಚುರ್ ಎನ್ನುತ್ತಿತ್ತು. ಒಂದೆರಡು ವಾರದಲ್ಲಿ ಅದು ಉಪ್ಪಿನಕಾಯಿಯ ಹಾಗೆ ಹುಳಿಯಾಗುತ್ತದೆ. ಆಮೇಲೆ ಸೊಂಟದುದ್ದದ ಗುಂಡಿಯಲ್ಲಿ ಒಣಮಣ್ಣು, ಕಬ್ಬಿನ ಒಣಗರಿಯ ರವದಿ ಬೆರೆಸಿ ಹಾಕಿ, ಧಾರಾಳವಾಗಿ ಮಣ್ಣು ಮುಚ್ಚಿ, ಮೇಲೆ ಕಬ್ಬಿಣದ ಜಾಳಿಗೆ ಹಾಸಿ ಕಲ್ಲು ಹೇರುವುದು. ಹುಳಿ ಬಂದದ್ದನ್ನು ಅಷ್ಟು ಆಳದಲ್ಲಿಟ್ಟರೆ ನಾಯಿಗೆ ಸುಳಿವು ಹತ್ತುವುದಿಲ್ಲ, ಹತ್ತಿದರೂ ಜಾಳಿಗೆ ಬಿಡುವುದಿಲ್ಲ.

ಆದರೂ ಮತ್ತೆ ವಾಸನೆ ಹೊರಟಿತು. ಕೆಂಪು ನಾಯಿ ಬಂದು ಜಾಳಿಗೆಯ ಮೇಲೆ ಮಲಗಿ ಕಾಯತೊಡಗಿತು. ನಾನು ತೌಡನ್ನು ದೂರಿದೆ, ಹವೆಯನ್ನು ದೂರಿದೆ, ಅಂಗಡಿಯ ಮಜ್ಜಿಗೆಯನ್ನಂತೂ ಬಹಳ ದೂರಿದೆ. ಸುಶೀಲಾ ಎಲ್ಲವನ್ನೂ ಕೇಳಿಸಿಕೊಂಡು, "ನೀವು ಶಾಲಿಯಿಂದ ಬಂದ ಕೂಡಲೆ ದಿನಾ ಕೆದರಿ ನೋಡ್ತೀರಲ್ಲಾ, ವಾಸನಿ ಬರದ ಏನಾದೀತು? ಹೆಣಾ ಹುಗದವರು ಹಿಂಗ ತಗದು ತಗದು ನೋಡ್ತಾರೇನ್ರಿ?" ಎಂದಳು. ಸಲಿಕೆಯನ್ನು ಒಯ್ದು ಅಕ್ಕಿ ಇಡುವ ಕೋಣೆಯಲ್ಲಿ ಹಾಕಿ ಬೀಗ ಜಡಿದಳು. ವಾರದೊಳಗೆ ವಾಸನೆ ಅಡಗಿತು. ನಾಯಿ ಬೇಸತ್ತು ಬೇರೆ ಓಣಿ ಹಿಡಿಯಿತು.

ಮಳೆಗಾಲ ಕಳೆದ ಮೇಲೆ, ಬೀಗ ತೆಗೆಸಿಕೊಂಡು, ಗುಂಡಿಯನ್ನು ಅಧಿಕೃತವಾಗಿ ತೆರೆದೆವು. ದಪ್ಪ ಎಲುಬುಗಳು ಇನ್ನೂ ಹಟ ಹಿಡಿದಿದ್ದವು, ಉಳಿದದ್ದೆಲ್ಲ ಕರಿಮಣ್ಣು. ಕಾಕುವನ್ನು ಗೋಡೆಯ ಹತ್ತಿರ ಕರೆದು ನಿಲ್ಲಿಸಿದೆ. ಅವರು ಸೆರಗು ಮೂಗಿಗೆ ಹಿಡಿದು ಬಂದರು. ತುಸು ಹೊತ್ತಿಗೆ ಸೆರಗು ಸರಿಸಿದರು. ಮರುದಿನ ಬೆಳಿಗ್ಗೆ ಗೋಡೆಯ ಮೇಲೆ ತಂಬಿಗೆ ಇತ್ತು. ಮಗಳ ಮದುವೆ ಗೊತ್ತಾದ ಸುದ್ದಿಯೂ ಅದರ ಜೊತೆಗೇ ಬಂತು. ಆ ಮಜ್ಜಿಗೆಯ ಒಂದು ಹನಿಯನ್ನೂ ನಾನು ತೌಡಿಗೆ ಹಾಕಲಿಲ್ಲ.

ಈಚೆಗೆ ಒಂದು ಸಂಜೆ ಕಾಕು ಗೋಡೆಯಾಚೆಯಿಂದ ಸುಶೀಲಾಳನ್ನು ವಿಚಾರಿಸುತ್ತಿದ್ದುದು ಕಿವಿಗೆ ಬಿತ್ತು. ಗುಂಡಿಗೆ ನಾಯಿ, ಹೆಗ್ಗಣ ಈಗಲೂ ಬರುತ್ತವೆಯೇ ಎಂದು ಕೇಳುತ್ತಿದ್ದರು.

"ಅವೆಲ್ಲಾ ಬರೂದು ಬಿಟ್ಟಾವ್ರಿ ಕಾಕೂ" ಎಂದಳು ಸುಶೀಲಾ. "ಒಂದ ಮಾತ್ರ ದಿನಾ ಬರ್ತೈತ್ರಿ. ಅದನ್ನ ಚಾ ಅಂತ ಕೂಗಿ ಒಳಗ ಕರೀಬೇಕಾಗ್ತೈತಿ."

ಕಲ್ಲು ಸರಿಸಿ, ಜಾಳಿಗೆಯ ಮೂಲೆ ಎತ್ತಿ, ಮಣ್ಣಿಗೆ ಮೂಗು ಹಚ್ಚಿ ಕೂತಿದ್ದ ನನಗೆ ಕೋಪ ಬಂತು. ಆದರೆ ಅವಳು ಕೂಗಿಯೇಬಿಟ್ಟಳು. ಕೈ ತೊಳೆದುಕೊಂಡು ಒಳಗೆ ಹೋದೆ.