ಅಣ್ಣಯ್ಯನ ಬಸ್ ಬೋರ್ಡ್ ಪರೀಕ್ಷೆ

ನಮ್ಮಣ್ಣಯ್ಯನಿಗೊಂದು ಜೀಪು ಕೊಟ್ಟಿದ್ದರೆ ಮಧುಗಿರಿಯ ಮುನಿಸಿಪಾಲಿಟಿ ಸ್ಕೂಲುಗಳೆಲ್ಲ ಎಪ್ಪತ್ತರ ದಶಕದಲ್ಲೇ ಉದ್ಧಾರವಾಗುತ್ತಿದ್ದವು! ಯಾರು ಕೊಡುತ್ತಾರೆ? ಅವನೇನು ಇನ್ಸ್‌ಪೆಕ್ಟರೇ? ಮುನಿಸಿಪಾಲಿಟಿಯ ಜವಾನ. ಆದರೆ ಯಾವ ಸ್ಕೂಲಿನಲ್ಲಿ ನಿಜಕ್ಕೂ ಪಾಠ ನಡೆಯುತ್ತದೆಂದು ಅಳೆಯುವ ಹುಚ್ಚು.

ಅವನ ಅಳತೆಗೋಲು ಬಸ್ ಸ್ಟ್ಯಾಂಡು. ಸ್ಕೂಲು ಬಿಟ್ಟು ಬರುವ ಮಕ್ಕಳನ್ನು ತಡೆದು ಬಸ್ಸಿನ ಬೋರ್ಡು ತೋರಿಸುವನು. ಬಸ್ಸು ಹೊರಡುವುದರೊಳಗೆ ಓದಿದರೆ ಮಗುವಿಗೆ ಪೆಪ್ಪರ್‌ಮೆಂಟು, ಸ್ಕೂಲು ಪಾಸು. ಓದದಿದ್ದರೆ ಹೆಡ್‌ಮೇಷ್ಟರು ಫೇಲು!

ಒಬ್ಬ ಹೆಡ್‌ಮೇಷ್ಟರು ರೇಗಿಕೊಂಡೇ ಬಂದರು. “ಪರೀಕ್ಷೆ ಮಾಡೋಕೆ ಇನ್ಸ್‌ಪೆಕ್ಟರ್ ಬರ್ತಾರೆ. ಮಧ್ಯೆ ನಿಂದೇನಯ್ಯಾ?”

“ಅವ್ರು ಬರೋದು ನಿಮಗೆ ಮೊದ್ಲೇ ಗೊತ್ತಿರ್ತದೆ ಸಾ. ನಾನು ಹಂಗಲ್ಲ!”

ಇದ್ದಕ್ಕಿದ್ದಂತೆ ಎಲ್ಲಾ ಮಕ್ಕಳೂ ಪಾಸಾಗತೊಡಗಿದರು. ಅಣ್ಣಯ್ಯ ಕುಣಿದಾಡಿದ. ಪಾಪ, ಕಾರಣ ನಾನು, ಅವನ ತಂಗಿ! ಅವನೇ ಸೇರಿಸಿದ ಸ್ಕೂಲಿನಿಂದ ಚಿಕ್ಕಂದಿನಲ್ಲೇ ಹಿಂಬಾಗಿಲಲ್ಲಿ ಓಡಿ ಬಂದವಳು, ಅವ್ವನ ಜೊತೆ ಬಸ್ ಸ್ಟ್ಯಾಂಡಿನಲ್ಲಿ ಕಡ್ಲೆಕಾಯಿ ಮಾರುತ್ತಿದ್ದೆ. ಎರಡನೇ ಕ್ಲಾಸಿನವರೆಗಾದರೂ ಓದಿದ್ದಾಳೆಂದು ಅವನು ನಂಬಿದ್ದ. ನನಗೆ ಅಕ್ಷರ ಬಾರದು, ಬಸ್ಸು ಗೊತ್ತು. ಮೂತಿ ಸೊಟ್ಟಗಿದ್ದರೆ ಪಾವಗಡ, ಕಿಟಕಿಗೆ ಗೋಣಿತಾಟು ಕಟ್ಟಿದ್ದರೆ ಕೊರಟಗೆರೆ. ಮಕ್ಕಳ ಕಿವಿಯಲ್ಲಿ ಉಸುರುತ್ತಿದ್ದೆ. ಫೀಜು ಅರ್ಧ ಪೆಪ್ಪರ್‌ಮೆಂಟು!

ಒಂದು ದಿನ ಪಾಸಾದ ಪೋರನನ್ನು ಅಣ್ಣಯ್ಯ ಕೇಳಿದ, “ಯಾವ ಸ್ಕೂಲ್ಲಾ?”

“ಇನ್ನೂ ಸೇರಿಲ್ಲ ಕಣಣ್ಣ!”

ಅಣ್ಣಯ್ಯನಿಗೆ ಅನುಮಾನ ಬಂತು. ಮಾರನೆಯ ದಿನ ಕಂಡಕ್ಟರುಗಳನ್ನು ಪುಸಲಾಯಿಸಿ ಎರಡು ಬಸ್ಸುಗಳ ಬೋರ್ಡು ಅದಲುಬದಲು ಮಾಡಿಸಿದ. ಆಮೇಲೇನು ಕೇಳುತ್ತೀರಿ! ಓದು ಬಂದ ಪ್ರಯಾಣಿಕರೆಲ್ಲ ತಪ್ಪು ಬಸ್ಸು ಹತ್ತಿದರು; ಬಾರದವರು ಸರಿಯಾದ ಬಸ್ಸಿನಲ್ಲಿ ಹಾಯಾಗಿ ಕೂತಿದ್ದರು! ಮಕ್ಕಳು ಮಾತ್ರ ಕೊರಟಗೆರೆ ಬೋರ್ಡು ನೋಡುತ್ತಾ “ಪಾವಗಡ!” ಎಂದು ಒಟ್ಟಿಗೆ ಕೂಗಿದವು.

“ಯಾರ್ಲಾ ಹೇಳ್ಕೊಟ್ಟಿದ್ದು?”

ಎಲ್ಲಾ ಬೆರಳೂ ನನ್ನ ಕಡೆ.

“ಬೋರ್ಡ್ ನೋಡ್ಲಿಲ್ವೇನಮ್ಮಿ ನೀನು?”

“ನೋಡ್ದೆ ಅಣ್ಣಯ್ಯ. ನೋಡಿದ್ರೆ ಏನು ತಿಳೀತದೆ ನಂಗೆ?”

ಬೈಯುತ್ತಾನೆಂದುಕೊಂಡೆ. ಊರ ಸ್ಕೂಲುಗಳನ್ನೆಲ್ಲ ಅಳೆದವನು ಕೈಯಲ್ಲಿದ್ದ ಪೆಪ್ಪರ್‌ಮೆಂಟನ್ನು ಜೇಬಿಗೆ ಹಾಕಿಕೊಂಡ. “ನಮ್ಮನೇನೇ ಫೇಲಾಯ್ತಲ್ಲಮ್ಮಿ” ಅಂದ.

ಅಂದಿನಿಂದ ಕಡ್ಲೆಕಾಯಿ ಬುಟ್ಟಿಯ ಪಕ್ಕ ಕೂತು, ಮಣ್ಣಿನ ಮೇಲೆ ಬೆರಳಿಡಿಸಿ ಅಕ್ಷರ ತಿದ್ದಿಸಿದ. ಈ ನಾಲ್ಕು ಸಾಲು ಬರೆಯುತ್ತಿರುವುದು ಆ ಬೆರಳಿನಿಂದಲೇ. ಕೊನೆಗೊಂದು ಸಂಜೆ ನನ್ನನ್ನೂ ಪಾವಗಡದ ಬಸ್ಸಿನೆದುರು ನಿಲ್ಲಿಸಿದ. ನಾನಿನ್ನೂ “ಪಾ…” ಅನ್ನುವಷ್ಟರಲ್ಲಿ ಇಂಜಿನ್ನು ಗುಡುಗಿತು. ಬಸ್ಸು ಹೊರಡುವುದರೊಳಗೆ ಓದಬೇಕೆಂದು ಊರಿಗೆಲ್ಲ ಕಾನೂನು ಮಾಡಿದ್ದ ಪುಣ್ಯಾತ್ಮ ಹೋಗಿ ಬಸ್ಸಿಗೆ ಅಡ್ಡ ನಿಂತುಬಿಟ್ಟ!

“ಏಮಯ್ಯಾ, ಬಸ್ಸು ಪೋದಾ?” ಒಳಗಿದ್ದ ಪಾವಗಡದವರು ತೆಲುಗಿನಲ್ಲಿ ಬೊಬ್ಬೆ ಹಾಕಿದರು.

“ಒಸಿ ತಡೀರಿ,” ಎಂದ ಅಣ್ಣಯ್ಯ. “ನನ್ ತಂಗಿ ಓದ್ತಾವ್ಳೆ.”