ಗೆಜ್ಜೆ ಕೇಳಿಸದ ಆಂಪ್ಲಿಫೈಯರ್

ನಮ್ಮ ಭಾವನ ಮನೆ ತುಂಬ ಆಂಪ್ಲಿಫೈಯರ್‌ಗಳು. ಆದರೆ ಆ ಮನುಷ್ಯ ಒಂದು ಹಾಡನ್ನೂ ಪೂರ್ತಿ ಕೇಳಿದವರಲ್ಲ! ಪಲ್ಲವಿ ಮುಗಿಯುವಷ್ಟರಲ್ಲಿ ಅವರ ತಲೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ಮೊದಲ ಚರಣಕ್ಕೆ ಸ್ಕ್ರೂಡ್ರೈವರ್ ಕೈಗೆ ಬರುತ್ತಿತ್ತು. ಎರಡನೇ ಚರಣ ಎಂಬುದೊಂದು ಇರುತ್ತದೆ ಎಂದು ನಮ್ಮಕ್ಕನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಚೆನ್ನಾಗೇ ಹಾಡ್ತಿತ್ತಲ್ಲ ಭಾವ, ಯಾಕೆ ಬಿಚ್ತೀರ?" ಎಂದು ಕೇಳಿದ್ದೆ.

"ಚೆನ್ನಾಗಿ ಹಾಡ್ತಿತ್ತು ಕಣ್ಲಾ. ಅದಕ್ಕೇ ಬಿಚ್ಚಿದೆ. ಕೆಟ್ಟದಾಗಿ ಹಾಡೋದನ್ನ ಯಾರು ಬೇಕಾದ್ರೂ ಬಿಚ್ತಾರೆ."

ಇದಕ್ಕೆ ನೀವಾದರೂ ಏನು ಹೇಳುತ್ತೀರಿ?

ಭಾವ ವೈ.ಎನ್.ಹೊಸಕೋಟೆಯ ಕಡೆ ಒಂದು ಕಡಲೆಕಾಯಿ ಮಿಲ್ಲಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ದುಡಿದಷ್ಟು ಕಾಲವೂ ಕಾಯಿ ಬಿಡಿಸುವ ಮಿಷಿನ್ನಿನ ಪಕ್ಕದಲ್ಲೇ ನಿಂತವರು. ವಯಸ್ಸಾಯಿತೆಂದು ಕೆಲಸ ಬಿಟ್ಟು ಮಧುಗಿರಿಗೆ ಬಂದರು. ಕೈ ಮಾತ್ರ ಸುಮ್ಮನಿರಲಿಲ್ಲ. ಮೊದಲ ವಾರ ಮಿಕ್ಸಿ ಬಿಚ್ಚಿದರು. ಆಮೇಲೆ ಫ್ಯಾನು. ಅಕ್ಕ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತು, "ಇದನ್ನ ಮುಟ್ಟಿದ್ರೆ ನಾನು ತವರಿಗೆ ಹೋಗ್ತೀನಿ" ಎಂದಳು. ಹೀಗೆ ಫ್ರಿಜ್ಜು ಉಳಿಯಿತು, ಭಾವ ಹಳೇ ಆಂಪ್ಲಿಫೈಯರ್‌ಗಳ ಕಡೆ ತಿರುಗಿದರು.

ಶಿರಾದಲ್ಲಿ ನಾನಿರುವ ಬೀದಿಯ ತುದಿಗೆ ಒಂದು ಗುಜರಿ ಅಂಗಡಿ. ಭಾವ ಅಲ್ಲಿಗೆ ಬಂದರೆ ಬೆಲೆ ಕೇಳುತ್ತಿರಲಿಲ್ಲ. ಮಂಡಿಯೂರಿ ಕೂತು, ಆಂಪ್ಲಿಫೈಯರ್‌ಗೆ ಮೂಗು ತಾಗಿಸಿ ಮೂಸುತ್ತಿದ್ದರು! ಒಳಗೆ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ವಾಸನೆ ಹೇಳುತ್ತದಂತೆ. ಅಂಗಡಿಯ ಸಾಹೇಬರು ನೋಡೀ ನೋಡೀ ಒಂದು ದಿನ, "ಅರೆ ಭಾಯ್, ನೀವು ಆಂಪ್ಲಿಫೈಯರ್ ತಗೊಳ್ತೀರೋ, ಕರ್ಬೂಜ ಹಣ್ಣು ತಗೊಳ್ತೀರೋ?" ಎಂದರು.

ಅವತ್ತು ಸಿಕ್ಕಿದ್ದು ಯಾವುದೋ ಟೂರಿಂಗ್ ಟಾಕೀಸಿನ ವಾಲ್ವ್ ಆಂಪ್ಲಿಫೈಯರ್. ಎಳೆಗರುವಿನ ತೂಕ. ಬಸ್ಸಿನಲ್ಲಿ ಭಾವ ಅದನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ತಾವು ನಿಂತರು. ಕಂಡಕ್ಟರು ಲಗೇಜು ಟಿಕೇಟು ತಗೊಳ್ಳಿ ಎಂದ.

"ಇದು ಲಗೇಜಲ್ಲ ಕಣಪ್ಪ, ಪೇಷೆಂಟು" ಎಂದರು ಭಾವ.

"ಅಂಗಾದ್ರೆ ಫುಲ್ ಟಿಕೇಟು!" ಎಂದು ಹರಿದು ಕೊಟ್ಟೇಬಿಟ್ಟ.

ಬಹಳ ದಿನ ಮಲಗಿದ್ದ ಆಂಪ್ಲಿಫೈಯರ್‌ಗೆ ನೇರವಾಗಿ ಕರೆಂಟು ಕೊಡುವಂತಿಲ್ಲ, ನಡುವೆ ಒಂದು ಹಳೇ ಕಾಲದ ತಂತಿ ಬಲ್ಬು ಕಟ್ಟಬೇಕು. ಬಲ್ಬು ಧಗ್ಗನೆ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟಾಗಿದೆ ಎಂದು. ಉರಿದು ಮಂಕಾದರೆ ಜೀವ ಇದೆ ಎಂದು. ಈಗ ಅಂಥ ಬಲ್ಬು ಎಲ್ಲಿ ಸಿಗುತ್ತದೆ? ಅಕ್ಕನ ದೇವರ ಕೋಣೆಯಲ್ಲಿ ಸಿಕ್ಕಿತು!

"ದೇವ್ರು ಕತ್ತಲಲ್ಲಿ ಕೂತವ್ನೆ ಕಣ್ರೀ!"

"ಕೂತ್ಕೊಳ್ಳಿ ಬುಡು. ಅವನೇನು ಪೇಪರ್ ಓದ್ಬೇಕಾ?"

ಬಲ್ಬು ಮಂಕಾಯಿತು. ಒಳಗಿನ ಗಾಜಿನ ವಾಲ್ವುಗಳು ಕೆಂಪಗೆ ಕಣ್ಣು ಬಿಟ್ಟವು. ಮೊಬೈಲಿನಿಂದ ವೈರು ಎಳೆದು ಹಳೇ ಕುಣಿತದ ಹಾಡೊಂದನ್ನು ಹಾಕಿದರು. ನನಗೆ ಸೊಗಸಾಗಿ ಕೇಳಿಸಿತು. ಭಾವನ ತಲೆ ವಾಲಿತು.

"ಗೆಜ್ಜೆ ಬರ್ತಿಲ್ಲ" ಎಂದರು.

"ಬರ್ತೈತಲ್ಲ ಭಾವ!"

"ಎಲ್ಲಿ ಬರ್ತೈತೆ? ಆ ಹುಡುಗಿ ಬರಿಗಾಲಲ್ಲಿ ಕುಣೀತಾವ್ಳೆ!"

ಶುರುವಾಯಿತು ನೋಡಿ. ಒಂದು ಕೆಪಾಸಿಟರ್ ತೆಗೆದರು, ಇನ್ನೊಂದು ಹಾಕಿದರು. ಗೆಜ್ಜೆ ಬರಲಿಲ್ಲ. ಸಣ್ಣ ಸ್ಪೀಕರ್ ಬದಲಾಯಿಸಿದರು. ಊಹೂಂ. ನಾನು ಮಧುಗಿರಿಗೆ ಹೋದಾಗಲೆಲ್ಲ ಆ ಗೆಜ್ಜೆ ಇನ್ನಷ್ಟು ಚೂಪಾಗಿರುತ್ತಿತ್ತು. ಕೊನೆಕೊನೆಗೆ ಅದು ಗೆಜ್ಜೆಯಾಗಿ ಉಳಿಯದೆ ಯಾರೋ ಕಿವಿಯೊಳಗೆ ಗಾಜು ಒಡೆದಂತಾಗುತ್ತಿತ್ತು. ಬೀದಿ ನಾಯಿ ಬೇರೆ ಬೀದಿಗೆ ಹೋಯಿತು. ಪಾವಗಡದಿಂದ ಬಂದಿದ್ದ ಮಿಲ್ಲಿನ ಗೆಳೆಯರೊಬ್ಬರು, "ಅಬ್ಬಬ್ಬಾ, ಏಮಿ ಸಾಮಿ ಇದು, ಹಾಡಾ, ಒಗ್ಗರಣೆನಾ?" ಎಂದು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಒಂದು ಮಧ್ಯಾಹ್ನ ಭಾವ ಅಡುಗೆಮನೆ ಬಾಗಿಲಲ್ಲೇ ಕೂತು ಬೆಸುಗೆ ಹಾಕುತ್ತಿದ್ದರು. ಒಲೆಯ ಮೇಲೆ ಕುಕ್ಕರ್ ಕೂಗಿತು. ಮತ್ತೆ ಕೂಗಿತು. ನಾನು ಬೆಚ್ಚಿ ಎದ್ದೆ. ಭಾವ ತಲೆ ಎತ್ತಲಿಲ್ಲ. ಅಕ್ಕ ಬಂದು ಒಲೆ ಆರಿಸಿದಳು, ನನ್ನ ಮುಖ ನೋಡಿದಳು, ಹಿತ್ತಿಲಿಗೆ ಕರೆದಳು.

"ಸೀಟಿ, ಗೆಜ್ಜೆ, ಇಂಥಾ ಚೂಪು ದನಿ ಯಾವ್ದೂ ಕೇಳ್ಸಲ್ಲ ಕಣೋ ಅವರಿಗೆ. ಆ ಮಿಲ್ಲು ತಿಂದಾಕ್ಬುಡ್ತು ಕಿವೀನ. ಹೇಳ್ಬೇಡ. ತಪ್ಪು ಆ ಪೆಟ್ಟಿಗೇಲಿ ಐತೆ ಅಂತ ನಂಬ್ಕೊಂಡು ಬೆಳಗ್ಗೆ ಎದ್ದೇಳ್ತಾರೆ. ಕಿವೀಲಿ ಐತೆ ಅಂತ ಗೊತ್ತಾದ್ರೆ ಎಲ್ಲಾನೂ ಮುಚ್ಚಿಟ್ಟು ಗೋಡೆ ನೋಡ್ಕೊಂಡು ಕೂತ್ಬುಡ್ತಾರೆ."

ಕಿವಿಗೆ ಮಿಷಿನ್ ಹಾಕಿಸಬಹುದಿತ್ತಲ್ಲ ಎನ್ನುತ್ತೀರಿ. ಎದುರು ಮನೆ ಮೇಷ್ಟ್ರ ಕಿವಿಯಲ್ಲಿ ಅಂಥದ್ದೊಂದು ಇತ್ತು. ಭಾವನಿಗೆ ಆಸೆ ಹುಟ್ಟಲಿ ಎಂದು ನಾನೇ ತೋರಿಸಿದೆ. ಆಸೆ ಹುಟ್ಟಿತು! "ಮೇಷ್ಟ್ರೇ, ಒಂದ್ನಿಮಿಷ ಬಿಚ್ಚಿ ನೋಡ್ಲಾ?" ಎಂದರು. ಆಮೇಲೆ ಆ ಮೇಷ್ಟ್ರು ನಮ್ಮ ಭಾವನನ್ನು ಕಂಡರೆ ಕಿವಿ ಮುಚ್ಚಿಕೊಂಡು ರಸ್ತೆ ದಾಟುತ್ತಿದ್ದರು.

ಹಾಗಾಗಿ ನಾವೆಲ್ಲ ಒಂದಾದೆವು. "ಹೆಂಗೈತ್ಲಾ?" ಎಂದು ಭಾವ ಕೇಳಿದರೆ, ನಾನು ಹಲ್ಲು ಕಚ್ಚಿಕೊಂಡು, "ಇನ್ನೊಂಚೂರು ಬರ್ಬೇಕು ಭಾವ" ಎನ್ನುತ್ತಿದ್ದೆ. "ನೋಡ್ದಾ! ನಾನೂ ಅದೇ ಅಂದೆ!" ಎಂದು ಹುಡುಗನಂತೆ ಹಾರಿ ಸ್ಕ್ರೂಡ್ರೈವರ್ ತರುತ್ತಿದ್ದರು.

ಹೋದ ಬೇಸಿಗೆಯಲ್ಲಿ, ಬೆಳಗಿನ ಕಾಫಿ ಕುಡಿದು ಗೋಡೆಗೆ ಒರಗಿದವರು ಏಳಲಿಲ್ಲ. ಹಿಂದಿನ ದಿನವಷ್ಟೇ ಆ ಆಂಪ್ಲಿಫೈಯರ್‌ಗೆ ಮುಚ್ಚಳ ಹಾಕಿ, "ಬಂತು ಕಣೇ, ಗೆಜ್ಜೆ ಬಂತು" ಎಂದಿದ್ದರಂತೆ.

ಆಮೇಲೆ ನನಗೂ ಒಂದು ಕಡೆ ಕೂರಲಾಗುತ್ತಿಲ್ಲ. ಶಿರಾದಲ್ಲಿದ್ದರೆ ಮಧುಗಿರಿಗೆ ಹೋಗೋಣ ಅನ್ನಿಸುತ್ತದೆ, ಮಧುಗಿರಿಯಲ್ಲಿ ಬಸ್ಸಿಳಿದರೆ ವಾಪಸು ಹತ್ತೋಣ ಅನ್ನಿಸುತ್ತದೆ. ಏನಾದರೂ ಮಾಡಬೇಕಲ್ಲ ಎಂದು ಕೊರಟಗೆರೆಯಿಂದ ಮೈಕ್‌ಸೆಟ್ ರಿಪೇರಿಯವನನ್ನು ಕರೆತಂದೆ. ಆ ಆಂಪ್ಲಿಫೈಯರನ್ನು ಮನುಷ್ಯರು ಕೇಳುವಂತೆ ಮಾಡಿಕೊಡಲಿ, ಭಾವನ ನೆನಪಿಗೆ ಅಕ್ಕ ದಿನಾ ಒಂದು ಹಾಡು ಕೇಳಲಿ ಎಂದು ನನ್ನ ಲೆಕ್ಕ. ಅಕ್ಕ ಅದರ ಮೇಲಿನ ಧೂಳು ಒರೆಸಿದಳು. "ಬಿಚ್ಚೋಕೆ ಮುಂಚೆ ಒಂದ್ಸಲ ಹಾಕು" ಎಂದಳು ಅಷ್ಟೆ.

ಹಾಕಿದೆವು. ಅಯ್ಯಯ್ಯೋ! ರಿಪೇರಿಯವನು, "ಎಲ್ಲಾ ಎಡವಟ್ಟು ಮಾಡವ್ರೆ ಸಾರ್, ಪೂರ್ತಿ ಕಿತ್ತಾಕ್ಬೇಕು" ಎನ್ನುತ್ತ ಆರಿಸಲು ಹೋದ. ನಾನು ತಡೆಯಲಾರದೆ ಎರಡೂ ಅಂಗೈಗಳಿಂದ ಕಿವಿಗಳನ್ನು ಬಿಗಿಯಾಗಿ ಒತ್ತಿಕೊಂಡೆ.

ಹಾಡು ನೆಟ್ಟಗಾಯಿತು.

ಆ ಹುಡುಗಿಯ ದನಿ ಮೆತ್ತಗೆ ಬಂತು. ಅದರ ಹಿಂದೆಯೇ ಗೆಜ್ಜೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹೆಜ್ಜೆ ಹೆಜ್ಜೆಗೂ ಒಂದೊಂದು ಕಾಳು ಉದುರಿದಷ್ಟು ಹಗುರವಾಗಿ. ಭಾವ ತಮ್ಮ ಕಿವಿಗೆ ಕೇಳುವಂತೆ ಅಷ್ಟು ದಿನ ಕೂತು ತಿದ್ದಿದ್ದು ಇದನ್ನು.

"ಇರಪ್ಪ, ಆರಿಸ್ಬೇಡ! ಅಕ್ಕ, ಕಿವಿ ಮುಚ್ಕೋ. ಹಿಂಗೆ, ಗಟ್ಟಿಯಾಗಿ."

ಅಕ್ಕ ನನ್ನನ್ನೇ ನೋಡುತ್ತ ಕೈಯೆರಡನ್ನೂ ಕಿವಿಯ ಮೇಲಿಟ್ಟಳು. ಆಮೇಲೆ ಅವಳ ತಲೆ ನಿಧಾನವಾಗಿ ಸ್ಪೀಕರಿನ ಕಡೆ ಬಾಗಿತು. ಕಣ್ಣು ತುಂಬಿ ನೀರು ಕೆನ್ನೆಗಿಳಿದರೂ ಒರೆಸಿಕೊಳ್ಳಲು ಅವಳು ಕೈ ತೆಗೆಯಲಿಲ್ಲ.

ರಿಪೇರಿಯವನು ಸ್ಕ್ರೂಡ್ರೈವರ್ ಹಿಡಿದು ನಮ್ಮಿಬ್ಬರನ್ನೂ ಮಿಕಿಮಿಕಿ ನೋಡಿದ. "ಏನಮ್ಮಾ, ಬಿಚ್ಲಾ?" ಎಂದು ಕೂಗಿ ಕೇಳಿದ.

"ಮುಟ್ಬೇಡ ಕಣಪ್ಪ" ಎಂದಳು ಅಕ್ಕ. "ಸರ್ಯಾಗೇ ಮಾಡವ್ರೆ."