ಅಪ್ಪನ ಡೊಂಕ ಚಾಕು

ನಮ್ಮ ಬನಹಟ್ಟಿ ಓಣ್ಯಾಗ ಯಾರ ಮನ್ಯಾಗ ಏನ ಕೊಯ್ಯೂದಿದ್ರೂ ನನ್ನ ಕರೀತಾರ. ನಾ ಡಾಕ್ಟರಲ್ಲ, ಮಗ್ಗದ ಮನಿಷ್ಯಾ. ನನ್ನ ಕಿಸ್ಯಾಗ ಅಪ್ಪನ ಮಡಚೂ ಚಾಕು ಇರತೈತಿ, ಅಲಗು ಕುಡಗೋಲಿನಂಗ ಒಳಗ ಬಾಗಿದ್ದು. ಬೀಳಗಿ ಕಡೆ ಒಬ್ಬ ಕಮ್ಮಾರ ಮಾಡಿದ್ದು. ಅವನ ಊರು ಈಗ ಡ್ಯಾಮಿನ ಹಿನ್ನೀರಾಗ ಐತಿ, ಅಂಥಾದು ಇನ್ನೊಂದು ಮಾಡಸಾಕ ಬರಂಗಿಲ್ಲ. ಇದು ಕಿಸ್ಯಾಗ ಇದ್ರ ಒಂದಿಲ್ಲೊಂದು ಆಗಾಕತ್ತಿರತೈತಿ. ನಗೂವಂಥಾವು ಅಷ್ಟ ಹೇಳ್ತೀನಿ. ಎಲ್ಲಾದ್ರಾಗೂ ನಮ್ಮಣ್ಣ ಬರ್ತಾನ, ಅಣ್ಣ ಈಗ ಇಲ್ಲ. ಹಿಂಗಾಗಿ ನಗೂದು ಸ್ವಲ್ಪ ತ್ರಾಸಿನ ಕೆಲಸ.

೧. ಪಾಲು

ಅಪ್ಪ ಹೋದ ಮ್ಯಾಲ ಅಣ್ಣಂದೂ ನಂದೂ ಪಾಲಾತು. ಓಣಿ ಹಿರ್ಯಾರು ನಾಕ ಮಗ್ಗ ಎರಡೆರಡು ಮಾಡಿದ್ರು, ಮನಿ ನಡುವ ಗ್ವಾಡಿ ಹಾಕಿಸಿದ್ರು, ಅಪ್ಪನ ಎರಡು ಚಸ್ಮಾನೂ ಒಂದೊಂದು ಹಂಚಿದ್ರು. ಯಾರಿಗೇನು ಅಂತ ಯಾದಿ ಬರಿಯೂ ಮುಂದ ಪೆನ್ಸಿಲ್ ಮೊಂಡಾತು. ಹಿರ್ಯಾರೊಬ್ಬರು ನನ್ನ ಕಡಿಂದ ಚಾಕು ಇಸ್ಕೊಂಡು, ಕೆತ್ತಿ, ತಿರುಗಿ ನನ್ನ ಕೈಯಾಗ ಕೊಟ್ರು.

ಸಹಿ ಆದ ಮ್ಯಾಲ ಅಣ್ಣ ಕೇಳಿದ, "ಚಾಕು ಎಲ್ಲಿ ಬರದೀರಿ?"

ಹುಡುಕಿದ್ರು. ಬರದಿರಲಿಲ್ಲ.

"ಹಿರೇ ಮಗನ ಕೈಗಿ ಬರಬೇಕಾದ್ದು ಅದು," ಅಂದ ಅಣ್ಣ.

"ಸಹಿ ಆತಲ್ಲಪಾ ಇನ್ನ," ಅಂದ್ರು ಹಿರ್ಯಾರು.

ನಾನ ತಗದು ಕೊಡಬಹುದಾಗಿತ್ತು. ಕೊಡಲಿಲ್ಲ, ಹಟ. ಅವತ್ತಿಂದ ಅಣ್ಣ ನನ್ನ ಕೂಡ ಮಾತು ಬಿಟ್ಟ. ಪೆನ್ಸಿಲ್ ಕೆತ್ತಿದವರ ಕೂಡ ಮಾತ್ರ ಛಲೋ ಇದ್ದ.

೨. ಗ್ವಾಡಿ ಆಚೆ

ಮಾತು ಬಿಟ್ಟ, ಚಾಕು ಬಿಡಲಿಲ್ಲ. ಮಗ್ಗಕ್ಕ ನೂಲು ಸುತ್ತಿದ ಹೊಸಾ ಬೀಮ್ ಏರಿಸೂ ದಿನ ಅಣ್ಣನ ಹೇಣ್ತಿ, ನಮ್ಮ ವೈನಿ, ನಮ್ಮ ಬಾಗಲಕ್ಕ ಬರೂರು.

"ಚಾಕು ಕೊಡಪಾ ತಮ್ಮಾ."

"ಯಾರಿಗಿ ಬೇಕಂತ ವೈನಿ?"

"ನನಗ ಬೇಕಂತ ಹೇಳು ಅಂದಾರ."

ಸಂಜಿಕ ತಿರುಗಿ ತರೂರು. ಕಲ್ಲಿಗಿ ಮಸದು, ಎಣ್ಣಿ ಹಚ್ಚಿ, ಅರಬಿಯಾಗ ಸುತ್ತಿರತಿತ್ತು. "ಅಪ್ಪನ ಚಾಕು ಮೊಂಡ ಮಾಡಿ ಇಟ್ಟಾನಂತ ಬೈಯಾಕತ್ತಾರ," ಅನ್ನೂರು. ಹನ್ನೊಂದ ವರ್ಷ ನಾ ಒಮ್ಮಿನೂ ಅದನ್ನ ಮಸದಿಲ್ಲ. ಮೊಂಡಾತಂದ್ರ ವೈನಿ ದಾರಿ ಕಾಯ್ತಿದ್ದೆ.

೩. ಲುಂಗಿ

ಒಂದಿನ ಗ್ವಾಡಿ ಆಚೆಯಿಂದ ವೈನಿ ಚೀರಿದ್ದು ಮಗ್ಗದ ಸಪ್ಪಳದಾಗೂ ಕೇಳ್ತು. ಓಡಿದೆ. ಅಣ್ಣನ ಲುಂಗಿ ಚುಂಗು ಮೋಟಾರ್ ಬೆಲ್ಟಿನ್ಯಾಗ ಸಿಕ್ಕು ಸುತ್ತಾಕತ್ತಿತ್ತು. ಅಣ್ಣ ಎರಡೂ ಕೈಲೆ ಮಗ್ಗದ ಚೌಕಟ್ಟು ಹಿಡದಿದ್ದ, ಮಾರಿ ಕಪ್ಪಿಟ್ಟಿತ್ತು. ಸ್ವಿಚ್ಚು ಆ ತುದಿಗಿ. ನಾ ಅಣ್ಣನ ಸೊಂಟದ ಕಡೆ ಲುಂಗಿಗಿ ಚಾಕು ಸಿಗಿಸಿ ಹೊರಗ ಜಗ್ಗಿದೆ. ಅಲಗು ಡೊಂಕಿದ್ದಕ್ಕ ಮೈಗಿ ತಾಗಲಿಲ್ಲ, ಅರಬಿ ಅಷ್ಟ ಹರೀತು. ಲುಂಗಿ ಹೋಗಿ ಬೆಲ್ಟಿಗಿ ಸುತ್ತಿಕೊಂತು, ಅಣ್ಣ ನೆಲಕ್ಕ ಕುಂತ. ನಾ ಹೋಗಿ ಸ್ವಿಚ್ಚು ಆರಿಸಿದೆ. ಅಷ್ಟರಾಗ ಓಣಿ ಮಂದಿ ಬಾಗಲ ತುಂಬ ಬಂದು ನಿಂತಿತ್ತು.

ಹನ್ನೊಂದ ವರ್ಷದ ಮ್ಯಾಲ ಅಣ್ಣ ಆಡಿದ ಮೊದಲನೇ ಮಾತು: "ಇಷ್ಟ ಮ್ಯಾಲಿಂದ ಕೊಯ್ಯಬೇಕಾಗಿತ್ತೇನಲೇ?"

ನಾ ಅಂಗಿ ಬಿಚ್ಚಿ ಅವನಿಗಿ ಮುಚ್ಚಿದೆ. ಅಳು ಬಂದಿತ್ತು. "ತಗೋ ಅಣ್ಣಾ, ಚಾಕು ನೀನ ಇಟ್ಟುಕೋ," ಅಂದೆ.

"ಎಲ್ಲಿ ಇಟ್ಟುಕೊಳ್ಳಲಿ, ಕಿಸೆ ಎಲ್ಲೈತಿ? ನಾ ಸತ್ತಾಗ ಕೊಡು."

೪. ಕೊಟ್ಟದ್ದು

ಮುಂದ ಮೂರು ವರ್ಷ ದಿನಾ ಸಂಜಿಕ ಇಬ್ಬರೂ ಕಟ್ಟಿ ಮ್ಯಾಲ ಕುಂತು ಚಾ ಕುಡದ್ವಿ. ಆಮ್ಯಾಲ ಅವನಿಗಿ ಕಾಮಣಿ ಆತು, ಮೈ ಕಣ್ಣು ಎಲ್ಲಾ ಹಳದಿ ಆದ್ವು. ಜಮಖಂಡಿ ದವಾಖಾನಿಯಿಂದ ಹೆಣಾನ ತಂದ್ವಿ.

ಹೆಣ ಒಯ್ಯೂ ಹೂವಿನ ವಿಮಾನದಾಗ ಕುಂದರಿಸಿ, ಬೀಳಬಾರದಂತ ಹಗ್ಗಲೆ ಕಟ್ಟಿದ್ರು. ನಾ ಬಗ್ಗಿ ಅವನ ಅಂಗಿ ಕಿಸ್ಯಾಗ ಚಾಕು ಇಟ್ಟು, ಕಿವ್ಯಾಗ ಅಂದೆ, "ತಗೋ ಅಣ್ಣಾ, ಈಗ ಕಿಸೆ ಐತಿ."

ಕುಣಿ ಹತ್ರ ಹೋಗೂದ್ರಾಗ ಹೂವಿನ ನೀರಿಗಿ ಹಗ್ಗದ ಗಂಟು ಉಬ್ಬಿ ಕುಂತಿತ್ತು. ನಾಕ ಮಂದಿ ಜಗ್ಗಿದ್ರೂ ಬಿಚ್ಚಲಿಲ್ಲ.

"ಚಾಕು ತಗೀರಿ," ಅಂದ್ರು ಮಣ್ಣು ಮಾಡಿಸಾಕ ಬಂದಿದ್ದ ಅಯ್ನಾರು. ಎಲ್ಲಾರೂ ನನ್ನ ಕಡೆ ನೋಡಿದ್ರು.

"ನನ್ನ ಕಡೆ ಇಲ್ಲರಿ."

"ಮತ್ತ ಯಾರ ಕಡೆ ಐತಿ?"

ನಾ ಅಣ್ಣನ ಕಡೆ ಬಟ್ಟು ಮಾಡಿ ತೋರಿಸಿದೆ.

ನಾನ ಹೋಗಿ ಅವನ ಕಿಸ್ಯಾಗ ಕೈ ಹಾಕಿ, "ಅಣ್ಣಾ, ಒಂದ ನಿಮಿಷ ಕೊಡು," ಅಂದು, ಹಗ್ಗ ಕೊಯ್ದೆ. ಅವನ್ನ ಕುಣ್ಯಾಗ ಇಳಿಸಿದ್ವಿ, ಮಣ್ಣು ಕೊಟ್ವಿ.

ಮನಿಗಿ ಬಂದು ಜಳಕಕ್ಕಂತ ಅಂಗಿ ಬಿಚ್ಚಿದೆ. ಬಚ್ಚಲ ಕಲ್ಲಿನ ಮ್ಯಾಲ ಠಣ್ ಅಂತು. ಕೊಯ್ದು, ಮಡಚಿ, ನನ್ನ ಕಿಸ್ಯಾಗ ಹಾಕ್ಕೊಂಡು ಬಂದಿದ್ದೆ. ಇಷ್ಟ ವರ್ಷದ ರೂಢಿ, ಕೈಗಿ ಏನ ಗೊತ್ತು.

ಎರಡು ತಂಬಿಗಿ ನೀರು ಹಾಕ್ಕೊಂಡು, ಮೈ ಸುದ್ದಾ ಒರಸದನ, ವೈನಿ ಮುಂದ ಹೋಗಿ ಚಾಕು ಇಟ್ಟು ಕುಂತೆ. ವೈನಿ ಅದನ್ನ ನೋಡಿದ್ರು, ನನ್ನ ನೋಡಿದ್ರು.

"ಕೊಟ್ಟದ್ದು ಒಂದ ತಾಸಾರ ಅವರ ಕಡೆ ಇರಗೊಡಲಿಲ್ಲಲ್ಲೋ ತಮ್ಮಾ," ಅಂದ್ರು.

ಮೊದಲ ಅವರಿಗಿ ನಗು ಬಂತು, ಆಮ್ಯಾಲ ನನಗ. ಮಾತಾಡಸಾಕ ಬಂದಿದ್ದ ಮಂದಿ ನಮ್ಮಿಬ್ಬರ ಮಾರಿ ನೋಡಿ ಗಾಬರಿ ಆದ್ರು. ನಗಾಕತ್ತಿದ್ದು ಯಾವಾಗ ಅಳು ಆತೋ ನಮಗೂ ತಿಳೀಲಿಲ್ಲ.

ವೈನಿ ಸೆರಗಲೆ ಕಣ್ಣು ಒರಸ್ಕೊಂಡು, ಅಲಗು ಬಿಚ್ಚಿ, ಹೆಬ್ಬೆರಳು ಆಡಿಸಿ ನೋಡಿದ್ರು.

"ಅಪ್ಪನ ಚಾಕು ಮೊಂಡ ಮಾಡಿ ಇಟ್ಟಾನಂತ ಬೈಯಾಕತ್ತಾರ," ಅಂದು, ಅಣ್ಣನ ಮಸಿಯೂ ಕಲ್ಲು ಹುಡುಕಾಕ ಎದ್ರು.